ತೂಗದೆ ಬರೆದ ಲೆಕ್ಕ

ಕಳೆದ ಬೇಸಗೆಯ ರಜೆಯಲ್ಲಿ ನಾವು ಕಾಮಯಗೌಂಡನ್‌ಪಟ್ಟಿಯಲ್ಲಿ ಎರಡು ದಿನ ತಂಗಿದ್ದೆವು. ನಮ್ಮ ಸಂಘದ ಮಿತ್ರರೊಬ್ಬರ ಹುಟ್ಟೂರು ಅದು. ಅವರ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ. ಕನ್ನಡದ ಅಕ್ಷರ ಬಲ್ಲವರು ಮಾತ್ರ ಅವರೊಬ್ಬರೇ. ಮೊದಲ ದಿನ ಬೆಳಗ್ಗೆ ಕಾಫಿಯಾಗುವ ಹೊತ್ತಿಗೆ ಬೀದಿಯಲ್ಲಿ ಸೀಟಿ ಊದಿದ ಸದ್ದಾಯಿತು. ಕಸದ ಗಾಡಿ ಬಂದಿದ್ದಿತು. ಮಿತ್ರರ ತಾಯಿ ಹಿತ್ತಿಲಿನಲ್ಲಿದ್ದರು. ಅತಿಥಿಗಳಾದವರು ಕೈಕಟ್ಟಿ ಕುಳಿತು ನೋಡುತ್ತಿರುವುದು ತರವಲ್ಲವೆಂದು ಬಗೆದು, ಮೂಲೆಯಲ್ಲಿ ಸೇರಿದ್ದ ಕಸವನ್ನು ನಾವೇ ಎರಡು ಬುಟ್ಟಿಗಳಿಗೆ ಹಂಚಿಕೊಂಡು ಬಾಗಿಲಿಗೆ ಒಯ್ದೆವು. ಒಂದರಲ್ಲಿ ಮಿಕ್ಕ ಅನ್ನ, ಹುರುಳಿಕಾಯಿಯ ನಾರು, ಬಾಳೆಹಣ್ಣಿನ ಸಿಪ್ಪೆ. ಇನ್ನೊಂದರಲ್ಲಿ ಬಿಸ್ಕತ್ತಿನ ಹೊದಿಕೆ, ಔಷಧಿಯ ಖಾಲಿ ಪಟ್ಟಿ, ಎರಡು ದಿನದ ಹಿಂದೆ ಉಂಡು ಬಿಸುಟು ಒಣಗಿಹೋಗಿದ್ದ ಬಾಳೆಯೆಲೆಗಳು, ತೆಂಗಿನ ನಾರು, ಅಂಗಳದಲ್ಲಿ ಗುಡಿಸಿದ ತರಗು. ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ನಮಗೆ ಅಷ್ಟು ತಿಳಿಯದೆ?

ಗಾಡಿಯ ಜೊತೆಗಿದ್ದ ಹೆಂಗಸು ನಮ್ಮ ಎರಡನೆಯ ಬುಟ್ಟಿಯನ್ನು ನೋಡಿ ನಕ್ಕಳು. ಒಂದು ಮಾತೂ ಆಡದೆ ಬಾಳೆಯೆಲೆ, ನಾರು, ತರಗು ಎಲ್ಲವನ್ನೂ ಹೊರಕ್ಕೆಳೆದು ಅನ್ನದ ಬುಟ್ಟಿ ಸುರಿದ ಕಡೆಗೇ ಹಾಕಿದಳು. ನಾವು ಕಾರಣ ಕೇಳಿದೆವು. ‘ಮಕ್ಕುಂ ಕುಪ್ಪೈ, ಸಾರ್’ ಎಂದಳು. ಅಷ್ಟರಲ್ಲಿ ಹಿಂದಿನಿಂದ ಬಂದ ಮಿತ್ರರ ತಾಯಿ ತಮ್ಮ ಕನ್ನಡದಲ್ಲಿ ಅದನ್ನು ನಮಗೆ ಬಿಡಿಸಿದರು: ಅದು ಮಣ್ಣಾಗುವ ವಸ್ತು, ಅದನ್ನು ಮಣ್ಣಾಗದ್ದರ ಜೊತೆಗೆ ಏಕೆ ಹಾಕಿದಿರಿ, ವಾತ್ಯಾರೆ?

ನಮಗೆ ನಾಚಿಕೆಯಾಯಿತು. ಆ ನಾಚಿಕೆ ಬಾಳೆಯೆಲೆಯೊಂದರಿಂದ ಆದುದಲ್ಲ. ಅದಕ್ಕೆ ಹಳೆಯ ಕಾರಣವೊಂದಿದೆ. ಅದನ್ನು ಹೇಳುವುದಕ್ಕೆ ಮೊದಲು ಈ ಊರಿನ ವಿಷಯ ನಾಲ್ಕು ಮಾತು ಬರೆಯಬೇಕು. ನಮ್ಮ ಓದುಗರಲ್ಲಿ ಬಹುಮಂದಿ ಇದರ ಹೆಸರನ್ನೂ ಕೇಳಿರಲಾರರು.

ಪಶ್ಚಿಮ ಘಟ್ಟದ ಮೂಡಣ ತಪ್ಪಲಿನಲ್ಲಿ ಕಂಬಂ ಕಣಿವೆ ಇದೆ. ಕಾಮಯಗೌಂಡನ್‌ಪಟ್ಟಿ ಅದರೊಳಗಿನ ಒಂದು ಪಟ್ಟಣ ಪಂಚಾಯಿತಿ. ತಾಲೂಕು ಉತ್ತಮಪಾಳೆಯಂ, ಜಿಲ್ಲೆ ತೇನಿ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಪಡುವಣಕ್ಕೆ ಹರಿದು ಕಡಲು ಸೇರುತ್ತಿದ್ದ ನೀರು ಬೆಟ್ಟದ ಸುರಂಗದಿಂದ ಈ ಕಡೆಗೆ ತಿರುಗಿದ ಮೇಲೆ ಈ ನೆಲದ ಬಾಳೇ ಬದಲಾಯಿತು. ಬತ್ತ, ಬಾಳೆ, ತೆಂಗು. ಎಲ್ಲಕ್ಕಿಂತ ಹೆಚ್ಚಾಗಿ ದ್ರಾಕ್ಷಿಯ ಚಪ್ಪರಗಳು. ಇಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲಸಿದ ಒಕ್ಕಲಿಗರು ಈ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ಕಂಬಂ ಪಟ್ಟಣದಲ್ಲಿ ಇವರ ದೇವರ ಹಟ್ಟಿಯೊಂದಿದೆ. ತಮಿಳಿನಲ್ಲಿ ಅದನ್ನು ತಂಬಿರಾನ್ ಮಾಟ್ಟುತ್ತೊಳು ಎನ್ನುತ್ತಾರೆ. ಹರಕೆ ಹೊತ್ತವರು ಅಲ್ಲಿಗೆ ಕರುಗಳನ್ನು ಒಪ್ಪಿಸುತ್ತಾರೆ. ಮಾಟ್ಟುಪ್ಪೊಂಗಲ್ ದಿನ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲವಂತೆ. ದನವನ್ನು ದೇವರೆಂದು ಕಟ್ಟಿದ ಜನಕ್ಕೆ ಸಗಣಿ ಕಸವಲ್ಲ, ಹುಲ್ಲಿನ ಮಿಕ್ಕುಳಿಕೆ ಕಸವಲ್ಲ, ಎಲೆಯೂ ಕಸವಲ್ಲ. ಅವೆಲ್ಲ ಮಣ್ಣಿಗೆ ಹಿಂದಿರುಗಬೇಕಾದ ಸಾಲ. ಮಿತ್ರರ ತಾಯಿಯವರಿಗೆ ಬಾಳೆಯೆಲೆ ಒಣಗಿದೆಯೋ ಹಸಿಯಾಗಿದೆಯೋ ಎಂಬುದು ಪ್ರಶ್ನೆಯಾಗಿ ತೋರದಿದ್ದುದಕ್ಕೆ ಇದೇ ಕಾರಣವೆಂದು ನಮ್ಮ ಊಹೆ.

ಇನ್ನು ಆ ಎರಡು ಮಾತುಗಳ ವಿಚಾರ. ತಮಿಳಿನಲ್ಲಿ ಮಕ್ಕುವುದೆಂದರೆ ಕೊಳೆತು ಪುಡಿಯಾಗುವುದು. ನಮ್ಮ ‘ಮುಗ್ಗಲು’ ಎಂಬ ಮಾತು ಅದನ್ನು ಕೇಳಿದಾಗ ನೆನಪಾಯಿತು. ಅವರು ಕಸವನ್ನು ಮಕ್ಕುವುದು, ಮಕ್ಕದುದು ಎಂದು ಒಡೆಯುತ್ತಾರೆ. ಅಂದರೆ ವಸ್ತುವಿನ ನಾಳೆಯ ಗತಿಯನ್ನು ನೋಡಿ ಹೆಸರಿಡುತ್ತಾರೆ. ನಾವು ಕನ್ನಡಿಗರು ಹಸಿ ಕಸ, ಒಣ ಕಸ ಎನ್ನುತ್ತೇವೆ. ಅಂದರೆ ವಸ್ತುವಿನ ಇಂದಿನ ಸ್ಥಿತಿಯನ್ನು ಮುಟ್ಟಿ ನೋಡಿ ಹೆಸರಿಡುತ್ತೇವೆ. ಬೆಂಗಳೂರಿನ ಕಸವನ್ನು ಹೊತ್ತಿದ್ದ ಮಾವಳ್ಳಿಪುರ 2012ರಲ್ಲಿ ಬಾಗಿಲು ಮುಚ್ಚಿ, ಮಂಡೂರಿನ ಜನ 2014ರಲ್ಲಿ ಇನ್ನು ಸಾಕೆಂದು ಲಾರಿಗಳನ್ನು ತಡೆದ ಆ ಕಾಲದಲ್ಲಿ ಈ ಎರಡು ಮಾತುಗಳು ನಾಡಿನ ಗೋಡೆಗೋಡೆಗೂ ಹತ್ತಿದವು. ನಾಲಗೆಗೆ ಸುಲಭವಾದ ಮಾತುಗಳು; ಮಕ್ಕಳೂ ಒಂದೇ ದಿನದಲ್ಲಿ ಕಲಿಯುತ್ತಾರೆ. ಆದರೆ ಒಣಗಿದ ಎಲೆ ಎಲ್ಲಿಗೆ? ತೊಯ್ದ ಪ್ಲಾಸ್ಟಿಕ್ ಚೀಲ ಎಲ್ಲಿಗೆ? ಮಾತು ಒಂದು ಕಡೆಗೆ ಕೈ ತೋರಿದರೆ ವಸ್ತುವಿನ ಗುಣ ಇನ್ನೊಂದು ಕಡೆಗೆ ತೋರುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳ ಪಾಡು ಮತ್ತೊಂದು ಬಗೆ. ಅಲ್ಲಿ ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರು ಜೈವ, ಅಜೈವ ಎಂದು ಕೇಳುತ್ತಾರೆ. ಅಜೈವವನ್ನು ಮಾತ್ರ ಒಯ್ಯುತ್ತಾರೆ. ಮಲಯಾಳದಲ್ಲಿ ‘ಮಾಲಿನ್ಯ’ವೆಂದರೆ ಕಸವೇ ಹೌದು, ನಮ್ಮ ಪಠ್ಯಪುಸ್ತಕದ ಮಾಲಿನ್ಯ ಗಾಳಿಯಲ್ಲಿಯೂ ನೀರಿನಲ್ಲಿಯೂ ಇರತಕ್ಕದ್ದು. ಮೂರು ಭಾಷೆ, ಮೂರು ಬಗೆಯ ಬುಟ್ಟಿ. ಸರ್ಕಾರದ ನಮೂನೆ ಮಾತ್ರ ಒಂದೇ.

ಆ ನಮೂನೆಯ ಕಥೆಯನ್ನೂ ಸ್ವಲ್ಪ ಕೇಳಬೇಕು. ಬೆಂಗಳೂರಿನವರೇ ಆದ ಶ್ರೀಮತಿ ಅಲ್ಮಿತ್ರಾ ಪಟೇಲರು ದೇಶದ ಪಟ್ಟಣಗಳ ಕಸದ ದುರವಸ್ಥೆಯನ್ನು ಕುರಿತು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅದರ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು. 2016ರಲ್ಲಿ ಅವುಗಳ ಸ್ಥಾನಕ್ಕೆ ಹೊಸವು ಬಂದವು. ಆ 2016ರ ನಿಯಮಗಳು ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ವರ್ಷದ ವರದಿಯನ್ನು ಜೂನ್ 30ರೊಳಗೆ ಮೇಲಕ್ಕೆ ಕಳುಹಿಸಬೇಕೆಂದು ಗೊತ್ತುಮಾಡಿದವು. ರಾಜ್ಯದ ಮಂಡಳಿ ಅವನ್ನೆಲ್ಲ ಒಟ್ಟುಮಾಡಿ ಜುಲೈ 31ರೊಳಗೆ ಕೇಂದ್ರದ ಮಂಡಳಿಗೆ ಒಪ್ಪಿಸಬೇಕಾಗಿದ್ದಿತು. ಕೇಂದ್ರದ ಮಂಡಳಿ ಆಗಸ್ಟ್ 31ರೊಳಗೆ ದೇಶದ ಲೆಕ್ಕವನ್ನು ಮುಗಿಸಬೇಕಾಗಿದ್ದಿತು. ಹಳ್ಳದ ನೀರು ಹೊಳೆಗೆ, ಹೊಳೆಯ ನೀರು ಕಡಲಿಗೆ. ಹೀಗೆ ಕೂಡಿದ 2020-21ನೆಯ ಸಾಲಿನ ಲೆಕ್ಕದಲ್ಲಿ ಭಾರತದ ಪಟ್ಟಣಗಳಲ್ಲಿ ದಿನವೊಂದಕ್ಕೆ ಹುಟ್ಟುವ ಕಸ 1,60,038.9 ಟನ್ನು. ಸಂಗ್ರಹವಾದದ್ದು 1,52,749.5 ಟನ್ನು, ಸಂಸ್ಕರಣೆಯಾದದ್ದು 79,956.3; ನೆಲದಲ್ಲಿ ತುಂಬಿದ್ದು 29,427.2. ಉಳಿದದ್ದು? 50,655.4 ಟನ್ನು. ಅದರ ಮುಂದೆ ‘ಲೆಕ್ಕಕ್ಕೆ ಸಿಕ್ಕಿಲ್ಲ’ ಎಂದು ಆ ವರದಿಯೇ ಒಪ್ಪಿಕೊಂಡಿದೆ. ನೂರಕ್ಕೆ ಸುಮಾರು 32 ಪಾಲು.

ಲೆಕ್ಕಕ್ಕೆ ಸಿಕ್ಕದ್ದನ್ನು ದಶಮಾಂಶದವರೆಗೆ ಬರೆದಿರುವ ಈ ಸೊಗಸನ್ನು ಓದುಗರು ಗಮನಿಸಬೇಕು. ನಾವು ನಗುವುದಕ್ಕೆ ಈ ಮಾತು ಹೇಳುತ್ತಿಲ್ಲ. ಆ ದಶಮಾಂಶಗಳಲ್ಲಿ ನಮ್ಮ ಕೈಬರಹವೂ ಸೇರಿದೆ.

ನಾವು ಆಗ ಕೆಲಸ ಮಾಡುತ್ತಿದ್ದ ಊರಿನ ಹೆಸರು ಇಲ್ಲಿ ಬೇಡ. ಚಿಕ್ಕ ಊರು. ಬೇಸಗೆಯಲ್ಲಿ ಉಪಾಧ್ಯಾಯರಿಗೆ ಬರುವ ನಾನಾ ಗಣತಿಗಳಂತೆ ಒಂದು ವರ್ಷ ಕಸದ ಗಣತಿಯೂ ಬಂದಿತು. ಎರಡು ಬೀದಿ ನಮ್ಮ ಪಾಲಿಗೆ. ಪ್ರತಿ ಮನೆಯಲ್ಲಿಯೂ ಕಸವನ್ನು ಬೇರ್ಪಡಿಸಿ ಕೊಡುವಿರಾ ಎಂದು ಕೇಳಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕತಕ್ಕದ್ದು. ಹತ್ತು ಹನ್ನೆರಡು ಮನೆಗಳನ್ನು ಹತ್ತಿ ಇಳಿದೆವು. ಬಿಸಿಲೇರಿತು. ಕೇಳಿದವರೆಲ್ಲ ಹೌದೆಂದೇ ಹೇಳುತ್ತಿದ್ದರು; ಮೇಷ್ಟ್ರು ಬಾಗಿಲಿಗೆ ಬಂದು ಕೇಳಿದರೆ ಇಲ್ಲವೆನ್ನುವವರು ಯಾರು? ಕಡೆಗೆ ಅಶ್ವತ್ಥಕಟ್ಟೆಯ ನೆರಳಿನಲ್ಲಿ ಕುಳಿತು ಉಳಿದ ಮನೆಗಳಿಗೂ ಹೌದೆಂದು ಗುರುತು ಹಾಕಿದೆವು. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ನಮಗೆ ಲೆಕ್ಕ ಚೆನ್ನಾಗಿ ಬರುವುದೆಂದು ಕೇಳಿ ಕಚೇರಿಯವರು ವಾರ್ಷಿಕ ತಖ್ತೆಯನ್ನು ತುಂಬಲು ನೆರವು ಬೇಡಿದರು. ತೂಕದ ಪುಸ್ತಕವೆಂಬುದು ಅಲ್ಲಿ ಇರಲಿಲ್ಲ. ಕೇಂದ್ರ ಸರ್ಕಾರದ ಕೈಪಿಡಿಯಲ್ಲಿ ಚಿಕ್ಕ ಊರುಗಳಲ್ಲಿ ತಲೆಯೊಂದಕ್ಕೆ ದಿನಕ್ಕೆ 200ರಿಂದ 300 ಗ್ರಾಂ ಕಸವೆಂದು ಹೇಳಿದೆ. ಜನಸಂಖ್ಯೆಯನ್ನು ಅದರಿಂದ ಗುಣಿಸಿದೆವು, ಉತ್ಪತ್ತಿ ಬಂದಿತು. ಸಂಗ್ರಹದ ಸಾಲಿನಲ್ಲಿಯೂ ಅದೇ ಅಂಕಿ ಬರೆದೆವು. ಸಂಸ್ಕರಣೆಯ ಸಾಲಿನಲ್ಲಿಯೂ ಅದೇ. ಮೂರು ಸಾಲುಗಳೂ ಸರಿಸಮನಾಗಿ ನಿಂತಾಗ ಒಂದು ಸಮೀಕರಣವನ್ನು ಬಿಡಿಸಿದ ಸಂತೋಷವೇ ನಮಗಾಯಿತೆಂದು ಹೇಳಲು ಇಂದು ನಾಲಗೆ ಹಿಂಜರಿಯುತ್ತದೆ.

ಮುಂದಿನ ಮಳೆಗಾಲದಲ್ಲಿ ಒಂದು ದಿನ, ಆ ಊರಿನ ಪೌರಕಾರ್ಮಿಕಳೊಬ್ಬಳ ಅಂಗೈಗೆ ಗಾಜು ಹೊಕ್ಕಿತು. ಒಡೆದ ಟ್ಯೂಬ್‌ಲೈಟನ್ನು ಯಾರೋ ಅನ್ನದ ಜೊತೆಗೆ ಸುತ್ತಿ ಕೊಟ್ಟಿದ್ದರು. ಗಾಯ ಕೀತು ಹದಿನೈದು ದಿನ ಕೆಲಸವಿಲ್ಲ, ಕೂಲಿಯೂ ಇಲ್ಲ. ಅವಳೂ ಅವಳ ಜೊತೆಯವರೂ ದಪ್ಪನೆಯ ಕೈಗವಸು, ಗಾಡಿಗೆ ಗಾಜಿನದೇ ಒಂದು ಪೆಟ್ಟಿಗೆ ಬೇಕೆಂದು ಕೇಳಿಕೊಂಡರು. ಮೇಲಿನಿಂದ ಬಂದ ಉತ್ತರ ಬಹು ಸಣ್ಣದು: ಈ ಊರಿನಲ್ಲಿ ಎಲ್ಲ ಮನೆಗಳೂ ಕಸವನ್ನು ಬೇರ್ಪಡಿಸಿಯೇ ಕೊಡುತ್ತಿರುವುದಾಗಿ ವರದಿಯಿದೆ, ಬೇರೆ ಊರುಗಳ ಅಗತ್ಯ ಮೊದಲು.

ಅವಳ ಮಗಳು ಏಳನೆಯ ತರಗತಿಯಲ್ಲಿ ನಮ್ಮ ವಿದ್ಯಾರ್ಥಿನಿ. ಲೆಕ್ಕದ ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಂತು, ‘ಎಲ್ಲರೂ ಬೇರೆ ಮಾಡಿ ಕೊಡ್ತಾರೆ ಅಂತ ಬರೆದಿದೆಯಂತೆ ಸಾರ್, ಹಾಗಾದರೆ ಅಮ್ಮನ ಕೈಗೆ ಗಾಜು ಹೇಗೆ ಬಂತು?’ ಎಂದು ಕೇಳಿದಳು. ಬರೆದವರು ಯಾರೆಂದು ಆ ಮಗುವಿಗೆ ತಿಳಿದಿರಲಿಲ್ಲ. ನಾವು ಅಂದು ಹೇಳಲಿಲ್ಲ. ಗಂಟೆ ಹೊಡೆಯಿತೆಂದು ಎದ್ದುಬಿಟ್ಟೆವು.

ಒಂದು ವಾರದ ಮೇಲೆ ನಮ್ಮ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಒಂದು ಬೀದಿಯ ಕಸವನ್ನು ತೂಗಲು ಹೊರಟೆವು. ಪ್ರಯೋಗಶಾಲೆಯ ಕೊಕ್ಕೆಯ ತಕ್ಕಡಿ ಸಾಲದೆ ದಿನಸಿ ಅಂಗಡಿಯಿಂದ ದೊಡ್ಡದೊಂದನ್ನು ಎರವು ತಂದೆವು. ಏಳು ದಿನ, ಬೆಳಗ್ಗೆ ಆರಕ್ಕೆ. ಮೊದಲು ಒಟ್ಟು ತೂಕ. ಆಮೇಲೆ ಎಲ್ಲವನ್ನೂ ಗುಪ್ಪೆ ಮಾಡಿ ಸಲಿಕೆಯಿಂದ ಚೆನ್ನಾಗಿ ಕಲಸಿ, ಹೋಳಿಗೆಯನ್ನು ಕತ್ತರಿಸುವಂತೆ ನಾಲ್ಕು ಪಾಲು ಮಾಡಿ, ಎದುರೆದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು ಮತ್ತೆ ಕಲಸುವುದು, ಮತ್ತೆ ನಾಲ್ಕು ಪಾಲು ಮಾಡುವುದು. ಹೀಗೆ ಎರಡು ಮೂರು ಸಲ ಮಾಡಿದರೆ ಇಡೀ ಗುಪ್ಪೆಯ ಗುಣ ಒಂದು ಬುಟ್ಟಿಗೆ ಇಳಿಯುತ್ತದೆ. ಆ ಬುಟ್ಟಿಯನ್ನು ಆರಿಸಿ ಬೇರೆಬೇರೆಯಾಗಿ ತೂಗುವುದು. ಗಾಜನ್ನು ದೊಡ್ಡವರೇ ತೆಗೆಯಬೇಕು. ಮಕ್ಕಳ ಕೈಗೆ ಗವಸಿಲ್ಲದೆ ಈ ಕೆಲಸಕ್ಕೆ ಇಳಿಯಲೇಕೂಡದು. ಶಾಲೆಗಳಲ್ಲಿ ಇದನ್ನು ಮಾಡಬೇಕೆನ್ನುವವರಿಗೆ ಅನುಕೂಲವಾಗಲೆಂದು ಇಷ್ಟು ವಿವರ ಕೊಟ್ಟೆವು. ನಾವು ಇಪ್ಪತ್ತು ಜೊತೆ ಗವಸು ಕೊಂಡೆವು. ವಾರ ಮುಗಿದ ಮೇಲೆ ಅವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದವು.

ನಾವು ಗುಣಾಕಾರದಿಂದ ಬರೆದ ಅಂಕಿಗೂ ತಕ್ಕಡಿ ಹೇಳಿದ ಅಂಕಿಗೂ ಹೊಂದಿಕೆಯೇ ಇರಲಿಲ್ಲ. ಅದಕ್ಕಿಂತಲೂ ನಮ್ಮನ್ನು ಬೆರಗುಗೊಳಿಸಿದುದು ಒಂದು ದಿನದ ತೂಕ ಇನ್ನೊಂದು ದಿನದಂತೆ ಇಲ್ಲದುದು. ಸಂತೆಯ ಮರುದಿನ ಬುಟ್ಟಿ ಎತ್ತಲಾಗುತ್ತಿರಲಿಲ್ಲ. ಮಳೆ ಬಂದ ರಾತ್ರಿಯ ಬೆಳಗ್ಗೆ ಅದೇ ಕಸ ನೀರು ಕುಡಿದು ಒಂದೂವರೆಯಷ್ಟು ತೂಗಿತು. ನಾವು ತೂಗಿದುದು ಕಸವನ್ನೋ ಮಳೆಯನ್ನೋ ಎಂದು ಮಕ್ಕಳು ಕೇಳಿದರು. ಎಮ್ಮೆ ಕಟ್ಟಿದ್ದ ಎರಡು ಮನೆಗಳಿಂದ ಅನ್ನವಾಗಲಿ ಸಿಪ್ಪೆಯಾಗಲಿ ಒಂದು ದಿನವೂ ಬರಲಿಲ್ಲ. ರಟ್ಟು, ಹಾಲಿನ ಪೊಟ್ಟಣ, ಬಾಟಲಿಗಳೂ ಕಡಿಮೆ. ಭಾನುವಾರ ಗುಜರಿಯವನು ಸೈಕಲ್ಲಿನಲ್ಲಿ ಬಂದು ಅವನ್ನು ಕೊಂಡೊಯ್ಯುತ್ತಿದ್ದನು. ಊರಿನ ಮರುಬಳಕೆಯ ಬಹುಭಾಗವನ್ನು ಅವನೂ ಎಮ್ಮೆಗಳೂ ಮಾಡುತ್ತಿದ್ದರೂ ತಖ್ತೆಯಲ್ಲಿ ಇಬ್ಬರಿಗೂ ಒಂದು ಸಾಲಿರಲಿಲ್ಲ. ಬೇರ್ಪಡಿಸಿ ಕೊಡುವ ಮನೆಗಳು ನಿಜವಾಗಿ ಎಷ್ಟೆಂಬುದನ್ನು ಮಾತ್ರ ನಾವು ಇಲ್ಲಿ ಬರೆಯುವುದಿಲ್ಲ. ಆ ಬೀದಿಯವರು ಈ ಪತ್ರಿಕೆಯನ್ನು ಓದುವುದುಂಟು.

ಆ ಏಳು ದಿನದ ಪಟ್ಟಿಯನ್ನು ಮಕ್ಕಳ ಮುತ್ತಿನಂಥ ಅಕ್ಷರದಲ್ಲಿ ಬರೆಯಿಸಿ, ನಮ್ಮ ತಪ್ಪನ್ನೂ ಒಪ್ಪಿಕೊಂಡು ಒಂದು ಪತ್ರವನ್ನು ಜೊತೆಗಿಟ್ಟು ಕಚೇರಿಗೆ ಒಯ್ದೆವು. ಗುಮಾಸ್ತರು ಒಳ್ಳೆಯವರು, ಚಹಾ ತರಿಸಿದರು. ಹೋದ ವರ್ಷದ ಅಂಕಿ ಮೇಲಕ್ಕೆ ಹೋಗಿಯಾಗಿದೆ, ಮೇಷ್ಟ್ರೆ; ಈ ವರ್ಷ ಅದಕ್ಕಿಂತ ಕಡಿಮೆ ಬರೆದರೆ ಊರು ಕೆಟ್ಟಿತೇಕೆಂದು ವಿವರಣೆ ಕೇಳುತ್ತಾರೆ, ಎಂದರು. ನಾವು ಆ ಮಾತನ್ನು ಬಹು ದಿನ ಯೋಚಿಸಿದ್ದೇವೆ. ಒಮ್ಮೆ ಏರಿಸಿದ ಅಂಕಿಯನ್ನು ಇಳಿಸಲು ಸುಳ್ಳು ಬರೆಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯವನ್ನು ಗುಮಾಸ್ತರಿಂದ ಕೇಳಲು ನಮಗೆ ಬಾಯಿ ಎಲ್ಲಿತ್ತು? ಗಾಡಿಗೆ ಗಾಜಿನ ಪೆಟ್ಟಿಗೆಯೊಂದನ್ನು ಊರಿನ ಬಡಗಿಯೊಬ್ಬರು ಹಣ ತೆಗೆದುಕೊಳ್ಳದೆ ಮಾಡಿಕೊಟ್ಟರು. ತಖ್ತೆ ತಿದ್ದಲ್ಪಟ್ಟಿತೋ ಇಲ್ಲವೋ ಕಾಣುವುದಕ್ಕೆ ಮೊದಲೇ ನಮಗೆ ವರ್ಗವಾಯಿತು.

ಆದರೂ ಆ ಏಳು ದಿನದ ಪಟ್ಟಿಯ ವಿಷಯದಲ್ಲಿ ನಮಗೆ ಒಳಗೊಳಗೇ ಒಂದು ಹೆಮ್ಮೆ ಉಳಿದಿದ್ದಿತು. ನಮ್ಮ ಬಾಳಿನಲ್ಲಿ ಒಂದು ಸಲವಾದರೂ ನಿಜವಾದ ವರದಿಯನ್ನು ಬರೆದೆವೆಂದು ಸಮಾಧಾನ. ಕಾಮಯಗೌಂಡನ್‌ಪಟ್ಟಿಯ ಆ ಹೆಂಗಸು ಬಾಳೆಯೆಲೆಯನ್ನು ಎಳೆದು ಆಚೆಗೆ ಹಾಕಿದಾಗ ಹೊರಟುಹೋದುದು ಆ ಸಮಾಧಾನವೇ. ನಮ್ಮ ತಕ್ಕಡಿಯೇನೋ ಸರಿಯಾಗಿತ್ತು. ಆದರೆ ತರಗೆಲೆ ಯಾವ ಕಡೆಗೆ ಸಾರ್ ಎಂದು ಮಕ್ಕಳು ಏಳು ದಿನವೂ ಕೇಳಿದ್ದರು. ಏಳು ದಿನವೂ ನಾವು ಒಣ ಕಸವೆಂದು ಹೇಳಿ ಪ್ಲಾಸ್ಟಿಕ್ಕಿನ ಕಡೆಗೆ ತೂಗಿಸಿದ್ದೆವು. ಮಾವಿನ ಮರಗಳ ಬೀದಿ ಅದು! ಗೊಬ್ಬರದ ಗುಂಡಿಗೆ ಸೇರತಕ್ಕದ್ದೆಷ್ಟು ಎಂಬ ನಮ್ಮ ಅಂಕಿಯಲ್ಲಿ ಆ ಎಲೆಯೆಲ್ಲ ಬಿಟ್ಟುಹೋಗಿದ್ದಿತು.

ಅಂದು ಸಂಜೆ ಮಿತ್ರರು ನಮ್ಮನ್ನು ಊರಿನ ಗಾಂಧಿ ಗುಡಿಗೆ ಕರೆದೊಯ್ದರು. ಸ್ವಾತಂತ್ರ್ಯದ ಹೋರಾಟಕ್ಕೆ ಹಲವರನ್ನು ಕೊಟ್ಟ ಊರು ಇದು. ಆ ನೆನಪಿಗೆ ಮಹಾತ್ಮರಿಗೊಂದು ಗುಡಿ ಕಟ್ಟಿಕೊಂಡಿದ್ದಾರೆ. ಜಗಲಿಯಲ್ಲಿ ಕುಳಿತಾಗ ನಮಗೆ ಅವರ ಆತ್ಮಕಥೆಯ ಒಂದು ಪ್ರಸಂಗ ನೆನಪಾಯಿತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ ರಾಜಕೋಟೆಯಲ್ಲಿದ್ದ ಗಾಂಧಿಯವರು ಅಲ್ಲಿಯ ಸಂಸ್ಥಾನದ ನೈರ್ಮಲ್ಯ ಸಮಿತಿಯಲ್ಲಿ ಸೇರಿ ಮನೆಮನೆಯ ಪಾಯಖಾನೆಗಳನ್ನು ನೋಡಹೊರಟರು. ಬಡವರು ಬಾಗಿಲು ತೆರೆದರು; ದೊಡ್ಡ ಮನೆಗಳವರಲ್ಲಿ ಕೆಲವರು ಒಳಕ್ಕೆ ಬಿಡಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಕೇರಿಗೆ ಹೋಗುವ ಸರದಿ ಬಂದಾಗ ಸಮಿತಿಯವರಲ್ಲಿ ಒಬ್ಬರು ಮಾತ್ರ ಅವರ ಜೊತೆಗೆ ಹೆಜ್ಜೆಯಿಟ್ಟರು. ಹೋಗಿ ನೋಡಿದರೆ ಸಗಣಿ ಸಾರಿಸಿದ ನೆಲ, ಬೆಳಗಿದ ಪಾತ್ರೆ; ಊರಿನ ಕೊಳಕೆಲ್ಲ ಇದ್ದುದು ದೊಡ್ಡ ಮನೆಗಳ ಹಿಂದೆ. ಸಮಿತಿಯ ಉಳಿದವರು ಕೇರಿಗೆ ಹೋಗದೆಯೇ ವರದಿ ಬರೆದಿದ್ದರೆ ಏನು ಬರೆಯುತ್ತಿದ್ದರೆಂದು ಊಹಿಸಲು ನಮಗೆ ಕಷ್ಟವಾಗಲಿಲ್ಲ. ಅಶ್ವತ್ಥಕಟ್ಟೆಯ ಮೇಲೆ ಕುಳಿತು ಬರೆದವರಿಗೆ ಅದು ಚೆನ್ನಾಗಿ ಗೊತ್ತು.

ನಾವು ಇದನ್ನೆಲ್ಲ ಮಿತ್ರರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಗೆ ಆಮೇಲಾದರೂ ಹೇಳಿದಿರಾ ಎಂದು ಕೇಳಿದರು. ಹೇಳಿದೆವು, ವರ್ಗವಾದ ಮೇಲೆ, ಕಾಗದದಲ್ಲಿ. ಅವಳು ಉತ್ತರ ಬರೆದಳೇ? ಬರೆದಳು. ಅಮ್ಮ ಈಗ ಗಾಡಿಯ ಮೇಸ್ತ್ರಿಯಾಗಿದ್ದಾಳೆಂದೂ ತಾನು ಹತ್ತನೆಯ ತರಗತಿಯಲ್ಲಿ ಲೆಕ್ಕಕ್ಕೆ ತೊಂಬತ್ತೊಂದು ಅಂಕ ಪಡೆದೆನೆಂದೂ ಬರೆದಿದ್ದಳು. ಗಾಜಿನ ವಿಷಯ ಒಂದು ಮಾತೂ ಇರಲಿಲ್ಲ.

ಮರುದಿನ ಬೆಳಗ್ಗೆ ಸೀಟಿ ಕೇಳಿದಾಗ ನಾವು ಮತ್ತೆ ಎದ್ದೆವು. ಎಲೆ, ನಾರು, ಸಿಪ್ಪೆ ಒಂದು ಬುಟ್ಟಿಗೆ ಸರಿಯಾಗಿಯೇ ಹೋದವು. ಕೈಯಲ್ಲಿ ಹಾಲಿನ ಪೊಟ್ಟಣವೊಂದು ಉಳಿಯಿತು; ತಳದಲ್ಲಿ ಇನ್ನೂ ಎರಡು ಹನಿ ಹಾಲು. ಅದನ್ನು ಹಿಡಿದುಕೊಂಡು ನಿಂತೆವು. ಗಾಡಿಯ ಹೆಂಗಸು ಈ ಸಲ ನಗಲಿಲ್ಲ. ಬೀದಿಯ ನಲ್ಲಿಯ ಕಡೆಗೆ ಕೈ ತೋರಿ, ತೊಳೆದು ಕೊಡಿ ಸಾರ್, ಕಾಯುತ್ತೇನೆ, ಎಂದಳು.